ಚಾಳು, ಝೋಪಡಿ ಮತ್ತು ಹೊಸ ಮನೆ: ನಗರ ಪುನರಭಿವೃದ್ಧಿಯ ಲೆಕ್ಕ

ನಗರಗಳಲ್ಲಿ ಅಲ್ಪ ಆದಾಯದ ಕುಟುಂಬಗಳಿಗೆ ಮನೆ ಒದಗಿಸಲು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಕೈಯಲ್ಲಿ ಮುಖ್ಯವಾಗಿ ಮೂರು ಸಾಧನಗಳಿವೆ. ಅವು ಹಣ, ಭೂಮಿ ಮತ್ತು ಕಟ್ಟಡ ಕಟ್ಟಲು ನೀಡುವ ಅನುಮತಿ. ಮೊದಲ ಎರಡರ ಬೆಲೆ ಎಲ್ಲರಿಗೂ ತಿಳಿದದ್ದೇ. ಮೂರನೆಯದಕ್ಕೂ ಬೆಲೆಯುಂಟು, ಕೆಲವು ನಗರಗಳಲ್ಲಿ ಅದು ಸರ್ಕಾರ ಕೊಡಬಹುದಾದ ಧನಸಹಾಯಕ್ಕಿಂತ ಎಷ್ಟೋ ಪಾಲು ಹೆಚ್ಚು ಎಂಬ ಸಂಗತಿ ಅಷ್ಟಾಗಿ ಪರಿಚಿತವಲ್ಲ. ಮುಂಬಯಿಯಲ್ಲಿ ಕಳೆದ ಮೂರು ದಶಕಗಳಿಂದ ನಡೆದಿರುವ ಝೋಪಡಪಟ್ಟಿ ಪುನರ್ವಸತಿಯೂ ಹಳೆಯ ಚಾಳುಗಳ ಪುನರಭಿವೃದ್ಧಿಯೂ ಬಹುಮಟ್ಟಿಗೆ ಈ ಮೂರನೆಯ ಸಾಧನವನ್ನೇ ಆಧರಿಸಿ ನಿಂತಿವೆ. ಬೊಕ್ಕಸದಿಂದ ಹೆಚ್ಚು ಹಣ ವೆಚ್ಚವಾಗದೆ ಬಡವರಿಗೆ ಉಚಿತ ಮನೆ ದೊರೆಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ಎಷ್ಟೋ ಕುಟುಂಬಗಳು ಹತ್ತಿಪ್ಪತ್ತು ವರ್ಷ ಕಾದರೂ ಮನೆ ಕೈಸೇರದಿರುವುದೇಕೆ ಎಂಬುದಕ್ಕೂ ಉತ್ತರ ಅಲ್ಲಿಯೇ ಇದೆ.

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿದವರು, ಕಲಬುರಗಿ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದು ಕಟ್ಟಡ ಕೆಲಸಕ್ಕೆ ನಿಂತವರು, ಮುಂಬಯಿಯ ಚಾಳುಗಳಲ್ಲಿಯೂ ಝೋಪಡಪಟ್ಟಿಗಳಲ್ಲಿಯೂ ಸಂಸಾರ ಹೂಡಿದ್ದಾರೆ. ಅವರ ಮಕ್ಕಳಿಗಾಗಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿದೆ. ಆದರೆ ಪುನರಭಿವೃದ್ಧಿಯ ನೋಟೀಸು, ಒಪ್ಪಿಗೆ ಪತ್ರ, ಅರ್ಹರ ಪಟ್ಟಿ ಇವೆಲ್ಲ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತವೆ. ಓದಲಾಗದ ಕಾಗದಕ್ಕೆ ಸಹಿ ಹಾಕುವ ಸಂದರ್ಭ ಇದರಿಂದ ಉಂಟಾಗುತ್ತದೆ. ಆ ಕಾಗದಗಳ ಹಿಂದಿರುವ ವ್ಯವಸ್ಥೆಯನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಚಾಳುಗಳು ಹುಟ್ಟಿದ ಬಗೆ

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಕೇರಿಗಳೇ ರೋಗದ ನೆಲೆಯೆಂದು ಭಾವಿಸಿದ ಆಗಿನ ಸರ್ಕಾರ 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ಟ್ರಸ್ಟು ಹಳೆಯ ಕೇರಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ನಿರ್ಮಿಸಿತು. ಕೆಡವಿದಷ್ಟು ವೇಗದಲ್ಲಿ ಮನೆಗಳನ್ನು ಕಟ್ಟಲಿಲ್ಲ. ಮೊದಲ ಮಹಾಯುದ್ಧದ ಅನಂತರ, 1920ರಲ್ಲಿ, ಮುಂಬಯಿ ಅಭಿವೃದ್ಧಿ ಇಲಾಖೆ ಏರ್ಪಟ್ಟಿತು. ಇಂದಿಗೂ ಬಿ.ಡಿ.ಡಿ. ಎಂಬ ಆ ಇಲಾಖೆಯ ಹೆಸರಿನಿಂದಲೇ ಕರೆಯಲಾಗುವ 207 ಚಾಳುಗಳನ್ನು ಅದು 1921 ಮತ್ತು 1925ರ ನಡುವೆ ವರ್ಲಿ, ನಾಯಗಾಂವ್, ಈಗಿನ ಎನ್.ಎಂ. ಜೋಶಿ ಮಾರ್ಗ ಮತ್ತು ಶಿವಡಿಗಳಲ್ಲಿ ಕಟ್ಟಿತು. ಒಂದೊಂದು ಕಟ್ಟಡದಲ್ಲಿ 80 ಖೋಲಿಗಳು. ಒಂದೊಂದು ಖೋಲಿ 160 ಚದರ ಅಡಿ. ಶೌಚಾಲಯಗಳು ಒಂದು ಮಹಡಿಗೆಲ್ಲ ಸೇರಿ. ಗಿರಣಿ ಕೆಲಸಗಾರರಿಗೆಂದು ಕಟ್ಟಿದ ಈ ಖೋಲಿಗಳಲ್ಲಿ ಮೂರು ತಲೆಮಾರುಗಳು ಬಾಳಿವೆ.

ಖಾಸಗಿ ಮಾಲೀಕರ ಚಾಳುಗಳ ಕಥೆ ಬೇರೆ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆಯನ್ನು 1940ರ ಸೆಪ್ಟೆಂಬರ್ ತಿಂಗಳಿನ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಕಾಲದ ಬೆಲೆಯೇರಿಕೆಯಿಂದ ಬಾಡಿಗೆದಾರರನ್ನು ಕಾಪಾಡಲು ಅದು ಆಗ ಅಗತ್ಯವಾಗಿತ್ತು. ಆದರೆ ದಶಕಗಳು ಕಳೆದಂತೆ ಬರುವ ಬಾಡಿಗೆ ಕಟ್ಟಡಕ್ಕೆ ಸುಣ್ಣ ಬಳಿಸಲೂ ಸಾಲದಾಯಿತು. ಮಾಲೀಕರು ರಿಪೇರಿಯನ್ನು ಕೈಬಿಟ್ಟರು. ಬಾಡಿಗೆದಾರರು ಪಗಡಿಯೆಂಬ ಮುಂಗಡವನ್ನು ಕೊಟ್ಟು ಹಕ್ಕನ್ನು ಕೊಂಡವರಾದ್ದರಿಂದ ಬಿಟ್ಟುಹೋಗಲೂ ಸಿದ್ಧರಿರಲಿಲ್ಲ. ಹೀಗೆ ಯಾರೂ ದುರಸ್ತಿ ಮಾಡದ, ಯಾರೂ ಬಿಡದ ಕಟ್ಟಡಗಳು ಮಳೆಗಾಲದಲ್ಲಿ ಒಂದೊಂದಾಗಿ ಕುಸಿಯತೊಡಗಿದುವು.

ಇದಕ್ಕೆ ಪರಿಹಾರವಾಗಿ 1969ರಲ್ಲಿ ಕಟ್ಟಡ ರಿಪೇರಿ ಮತ್ತು ಪುನರ್ನಿರ್ಮಾಣ ಮಂಡಲಿಯ ಕಾಯಿದೆ ಬಂತು. ಆಸ್ತಿ ತೆರಿಗೆಯೊಂದಿಗೆ ರಿಪೇರಿಗಾಗಿ ಪ್ರತ್ಯೇಕ ಉಪಕರವನ್ನು ವಸೂಲು ಮಾಡಿ, ಆ ಹಣದಿಂದ ಮಂಡಲಿಯೇ ದುರಸ್ತಿ ಮಾಡಿಸುವ ಏರ್ಪಾಡು ಅದು. ದ್ವೀಪನಗರದ 19,642 ಕಟ್ಟಡಗಳು ಅದರ ವ್ಯಾಪ್ತಿಗೆ ಬಂದುವು. ಅವುಗಳಲ್ಲಿ 16,502 ಕಟ್ಟಡಗಳು 1940ಕ್ಕೂ ಮೊದಲಿನವು. ಈ ಕಟ್ಟಡಗಳನ್ನೇ ಜನ 'ಸೆಸ್ ಬಿಲ್ಡಿಂಗ್' ಎನ್ನುವುದು. 1977ರಲ್ಲಿ ಮಹಾರಾಷ್ಟ್ರ ವಸತಿ ಮತ್ತು ಪ್ರದೇಶಾಭಿವೃದ್ಧಿ ಪ್ರಾಧಿಕಾರ, ಅಂದರೆ ಮ್ಹಾಡಾ, ಅಸ್ತಿತ್ವಕ್ಕೆ ಬಂದಾಗ ರಿಪೇರಿಯ ಹೊಣೆ ಅದರ ಪಾಲಿಗೆ ಬಂತು. ಮುಂದೆ 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯಲ್ಲಿ ಇಂತಹ ಕಟ್ಟಡಗಳನ್ನು ಕೆಡವಿ ಕಟ್ಟುವವರಿಗೆ ಹೆಚ್ಚುವರಿ ನಿರ್ಮಾಣದ ಅವಕಾಶ ಕೊಡಲಾಯಿತು. ಹಳೆಯ ಬಾಡಿಗೆದಾರನಿಗೆ ಹೊಸ ಕಟ್ಟಡದಲ್ಲಿ ಮನೆ ಕೊಟ್ಟು ಉಳಿದುದನ್ನು ಮಾರಿಕೊಳ್ಳಬಹುದು ಎಂಬುದು ಅದರ ಸಾರ. ಈಗಿನ ನಿಯಮದಂತೆ ಆ ಮನೆ ಕನಿಷ್ಠ 300 ಚದರ ಅಡಿಯದಾಗಿರಬೇಕು.

ಪುನರಭಿವೃದ್ಧಿ ವಿಳಂಬವಾದರೆ ಏನಾಗುತ್ತದೆಂಬುದು ಕಾಗದದ ಪ್ರಶ್ನೆಯಲ್ಲ. 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನ ಹುಸೇನಿ ಕಟ್ಟಡ ಕುಸಿದು 33 ಮಂದಿ ಪ್ರಾಣ ಕಳೆದುಕೊಂಡರು. ಆ ಕಟ್ಟಡ ಒಂದು ಪುನರಭಿವೃದ್ಧಿ ಯೋಜನೆಯೊಳಗೇ ಸೇರಿತ್ತು. ಕೆಲವು ಕುಟುಂಬಗಳು ತೆರವು ಮಾಡಿ ಹೋಗಿದ್ದುವು, ಕೆಲವು ಅಲ್ಲಿಯೇ ಉಳಿದಿದ್ದುವು.

ಕೆಡಹುವ ನೀತಿಯಿಂದ ಕಟ್ಟುವ ನೀತಿಗೆ

ಇಲ್ಲಿ ಪದವೊಂದರ ಬಗ್ಗೆ ಹೇಳಬೇಕು. ಸರ್ಕಾರಿ ಕನ್ನಡದಲ್ಲಿ ರೂಢಿಯಾಗಿರುವ 'ಕೊಳಚೆ ಪ್ರದೇಶ' ಎಂಬ ಮಾತು ಅಲ್ಲಿನ ಚರಂಡಿಯನ್ನು ನೋಡಿ ಇಟ್ಟ ಹೆಸರು. ಮರಾಠಿಯ 'ಝೋಪಡಪಟ್ಟಿ' ಅಲ್ಲಿನ ಗುಡಿಸಲನ್ನು ನೋಡಿ ಇಟ್ಟದ್ದು. ಮೊದಲನೆಯ ಹೆಸರು ಕೇಳಿದವರಿಗೆ ತೊಳೆದು ತೆಗೆಯಬೇಕೆನಿಸುತ್ತದೆ, ಎರಡನೆಯದರಲ್ಲಿ ಯಾರೋ ವಾಸವಾಗಿದ್ದಾರೆಂಬ ಅರ್ಥ ಉಳಿದಿದೆ. ಕಾಯಿದೆಯ ಅನುವಾದದಲ್ಲಿ ರೂಢಿಯ ಪದವನ್ನು ಬಿಡಲಾಗದು. ಈ ಲೇಖನದಲ್ಲಿ ಮಾತ್ರ ಝೋಪಡಪಟ್ಟಿ ಎಂಬ ಪದವನ್ನೇ ಬಳಸಿದೆ.

1960ರ ದಶಕದವರೆಗೂ ಪಾಲಿಕೆಯ ನೀತಿ ಕೆಡಹುವುದೇ ಆಗಿತ್ತು. ಕೆಡವಿದ ಗುಡಿಸಲು ನಾಲ್ಕು ದಿನದಲ್ಲಿ ಬೇರೆಡೆ ಏಳುತ್ತಿತ್ತು. 1971ರಲ್ಲಿ ಮಹಾರಾಷ್ಟ್ರ ಝೋಪಡಪಟ್ಟಿ ಸುಧಾರಣೆ, ನಿರ್ಮೂಲನ ಮತ್ತು ಪುನರಭಿವೃದ್ಧಿ ಕಾಯಿದೆ ಬಂದು, ಸುಧಾರಣೆ ಎಂಬ ಮಾತು ಮೊದಲ ಬಾರಿಗೆ ಕಾನೂನಿನೊಳಗೆ ಸೇರಿತು. 1976ರಲ್ಲಿ ಗುಡಿಸಲುಗಳ ಗಣತಿ ನಡೆದು ಕುಟುಂಬಗಳಿಗೆ 'ಫೋಟೋ ಪಾಸ್' ಎಂಬ ಗುರುತು ಚೀಟಿ ಕೊಡಲಾಯಿತು. ಸಾಮಾನ್ಯ ಕಾಗದವೆಂದು ಆಗ ಕಂಡ ಆ ಚೀಟಿ ಮುಂದೆ ಎಷ್ಟೋ ಮನೆತನಗಳ ಪಾಲಿಗೆ ಹಕ್ಕುಪತ್ರದಷ್ಟೇ ಬೆಲೆಯದಾಯಿತು.

1985ರಲ್ಲಿ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ತೀರ್ಪಿತ್ತಿತು. ಪಾದಚಾರಿ ಮಾರ್ಗದ ಮೇಲೆ ವಾಸಿಸುವ ಹಕ್ಕನ್ನು ನ್ಯಾಯಾಲಯ ಮಾನ್ಯ ಮಾಡಲಿಲ್ಲ. ಆದರೆ ಮುನ್ಸೂಚನೆ ಕೊಡದೆ, ಅಹವಾಲು ಕೇಳದೆ ಎತ್ತಂಗಡಿ ಮಾಡುವುದು ಸಾಮಾನ್ಯ ಕ್ರಮವಾಗಬಾರದೆಂದು ಹೇಳಿತು. ಬಡವನು ಕೆಲಸವಿರುವಲ್ಲಿಯೇ ವಾಸಿಸುತ್ತಾನೆ, ವಾಸವನ್ನು ಕಿತ್ತರೆ ಕೆಲಸವನ್ನೂ ಕಿತ್ತಂತೆ ಎಂಬ ಆ ತೀರ್ಪಿನ ವಿಚಾರಸರಣಿ ಇಂದಿನ ಎಲ್ಲ ಪುನರ್ವಸತಿ ಯೋಜನೆಗಳಿಗೂ ಅಳತೆಗೋಲಾಗಬಲ್ಲದು.

ಅದೇ ವರ್ಷ ವಿಶ್ವಬ್ಯಾಂಕಿನ ನೆರವಿನಿಂದ, ಇದ್ದ ಜಾಗದಲ್ಲಿಯೇ ಭೂಮಿಯನ್ನು ಗುತ್ತಿಗೆಗೆ ಕೊಟ್ಟು ನೀರು, ಚರಂಡಿ ಒದಗಿಸುವ ಕಾರ್ಯಕ್ರಮವೂ, ಪ್ರಧಾನಮಂತ್ರಿಯವರ ಅನುದಾನವಾದ 100 ಕೋಟಿ ರೂಪಾಯಿಗಳ ಯೋಜನೆಯೂ ಮುಂಬಯಿಯಲ್ಲಿ ಆರಂಭವಾದುವು. 1991ರಲ್ಲಿ ಬಿಲ್ಡರುಗಳಿಗೆ ಹೆಚ್ಚುವರಿ ನಿರ್ಮಾಣದ ಆಸೆ ತೋರಿಸಿ ಮನೆ ಕಟ್ಟಿಸುವ ವಿಧಾನ ಬಂತು. 1995ರ ಡಿಸೆಂಬರಿನಲ್ಲಿ ಝೋಪಡಪಟ್ಟಿ ಪುನರ್ವಸತಿ ಪ್ರಾಧಿಕಾರ, ಅಂದರೆ ಎಸ್.ಆರ್.ಎ., ಸ್ಥಾಪನೆಯಾಗಿ ಮನೆ ಸಂಪೂರ್ಣ ಉಚಿತವಾಯಿತು.

ಅನುಮತಿಯು ಹಣವಾಗುವ ಲೆಕ್ಕ

ಒಂದು ನಿವೇಶನದ ಮೇಲೆ ಒಟ್ಟು ಎಷ್ಟು ವಿಸ್ತೀರ್ಣದ ಕಟ್ಟಡ ಕಟ್ಟಬಹುದೆಂಬುದನ್ನು ಗೊತ್ತುಪಡಿಸುವ ಅನುಪಾತಕ್ಕೆ ಎಫ್.ಎಸ್.ಐ. ಎಂದು ಹೆಸರು. 1,000 ಚದರ ಮೀಟರ್ ನಿವೇಶನಕ್ಕೆ ಎಫ್.ಎಸ್.ಐ. 1 ಇದ್ದರೆ ಎಲ್ಲ ಮಹಡಿಗಳೂ ಸೇರಿ 1,000 ಚದರ ಮೀಟರ್ ಕಟ್ಟಬಹುದು, 2.5 ಇದ್ದರೆ 2,500 ಚದರ ಮೀಟರ್. ನೆಲ ಹಿಗ್ಗುವುದಿಲ್ಲ, ಅದರ ಮೇಲೆ ಕಟ್ಟುವ ಹಕ್ಕು ಹಿಗ್ಗುತ್ತದೆ. 1991ರ ನಿಯಮಾವಳಿಯಲ್ಲಿ ಮುಂಬಯಿಯ ಮೂಲ ಮಿತಿ ದ್ವೀಪನಗರದಲ್ಲಿ 1.33, ಉಪನಗರಗಳಲ್ಲಿ 1 ಆಗಿತ್ತು. ಮಿತಿ ಬಿಗಿಯಾಗಿದ್ದಷ್ಟೂ ಅದನ್ನು ಸಡಿಲಿಸುವ ಅನುಮತಿಗೆ ಬೆಲೆ ಹೆಚ್ಚು.

1995ರ ವ್ಯವಸ್ಥೆಯಂತೆ, ಝೋಪಡಿವಾಸಿಗಳಿಗಾಗಿ ಬಿಲ್ಡರನು ಕಟ್ಟುವ ಪ್ರತಿ 10 ಚದರ ಮೀಟರಿಗೆ ಬದಲಾಗಿ ಮಾರುಕಟ್ಟೆಯಲ್ಲಿ ಮಾರಲು ದ್ವೀಪನಗರದಲ್ಲಿ 7.5, ಉಪನಗರಗಳಲ್ಲಿ 10, ಧಾರಾವಿಯಲ್ಲಿ 13.3 ಚದರ ಮೀಟರ್ ಕಟ್ಟುವ ಹಕ್ಕು ಅವನಿಗೆ ದೊರೆಯುತ್ತಿತ್ತು. ಭೂಮಿಯ ಬೆಲೆ ಹೆಚ್ಚಿರುವಲ್ಲಿ ಕಡಿಮೆ ಹಕ್ಕೇ ಸಾಕು, ಕೆಲಸ ಕಷ್ಟವಾಗಿರುವಲ್ಲಿ ಹೆಚ್ಚು ಬೇಕು ಎಂಬ ತರ್ಕ ಅದರಲ್ಲಿದೆ. ಉಪನಗರದಲ್ಲಿ 100 ಕುಟುಂಬಗಳ ಒಂದು ಝೋಪಡಪಟ್ಟಿಯಿದೆಯೆಂದು ಭಾವಿಸೋಣ. ಅವರೆಲ್ಲರ ಮನೆ, ಮೆಟ್ಟಿಲು, ಅಂಗನವಾಡಿ ಸೇರಿ 3,000 ಚದರ ಮೀಟರ್ ಕಟ್ಟಬೇಕಾದರೆ, ಅಷ್ಟೇ ವಿಸ್ತೀರ್ಣ ಬಿಲ್ಡರನ ಮಾರಾಟಕ್ಕೆ ಸಿಗುತ್ತದೆ. ಆ ಮಾರಾಟದ ಹಣದಿಂದಲೇ ಎರಡೂ ಕಟ್ಟಡಗಳ ವೆಚ್ಚ, ಕುಟುಂಬಗಳ ತಾತ್ಕಾಲಿಕ ಬಾಡಿಗೆ, ಸಾಲದ ಬಡ್ಡಿ ಮತ್ತು ಲಾಭ ಹುಟ್ಟಬೇಕು. ನಿವೇಶನದಲ್ಲಿ ಅಷ್ಟನ್ನೂ ಕಟ್ಟಲು ಸ್ಥಳವಿಲ್ಲದಿದ್ದರೆ ಉಳಿದ ಹಕ್ಕನ್ನು ಟಿ.ಡಿ.ಆರ್. ಎಂಬ ಪತ್ರದ ರೂಪದಲ್ಲಿ ಬೇರೆಡೆ ಮಾರಬಹುದು.

ಉಚಿತ ಮನೆಯ ಅಳತೆ ಮೊದಲು 225 ಚದರ ಅಡಿಯಿದ್ದು, 2008ರಲ್ಲಿ 269ಕ್ಕೂ 2018ರಲ್ಲಿ 300ಕ್ಕೂ ಏರಿತು. ಅದಕ್ಕೆ ತಕ್ಕಂತೆ ಒಟ್ಟು ಎಫ್.ಎಸ್.ಐ. ಮಿತಿಯೂ 2.5ರಿಂದ 3ಕ್ಕೆ, ಅನಂತರ 4ಕ್ಕೆ ಏರಿತು. ಬಡವರ ಮನೆ ದೊಡ್ಡದಾಗಬೇಕಾದರೆ ಕಟ್ಟಡ ಎತ್ತರವಾಗಬೇಕು, ಮಾರುವ ಭಾಗವೂ ಬೆಳೆಯಬೇಕು. ನೀರಿನ ಕೊಳವೆ, ಒಳಚರಂಡಿ, ರಸ್ತೆ, ಶಾಲೆ ಮಾತ್ರ ಹಿಂದಿನವೇ. ಸರ್ಕಾರಕ್ಕೆ ವೆಚ್ಚವಿಲ್ಲವೆಂದು ಹೇಳುವ ಈ ಲೆಕ್ಕದಲ್ಲಿ ನಿಜವಾಗಿ ವೆಚ್ಚ ಹೊರುವುದು ಆ ನೆರೆಹೊರೆಯ ಗಾಳಿ, ಬೆಳಕು ಮತ್ತು ನೀರು.

ಲೆಕ್ಕ ನಿಲ್ಲುವುದೆಲ್ಲಿ

1995ರಲ್ಲಿ ಕೊಟ್ಟ ಭರವಸೆ 40 ಲಕ್ಷ ಜನರಿಗೆ, ಅಂದರೆ 8 ಲಕ್ಷ ಕುಟುಂಬಗಳಿಗೆ ಮನೆ. ಕಾಲು ಶತಮಾನದ ಅನಂತರವೂ ಅದರ ಮೂರನೆಯ ಒಂದಂಶದಷ್ಟು ಮನೆಗಳು ಸಿದ್ಧವಾಗಿರಲಿಲ್ಲ. 2011ರ ಜನಗಣತಿಯಂತೆ ಬೃಹನ್ಮುಂಬಯಿಯ ನೂರಕ್ಕೆ 41ಕ್ಕಿಂತ ಹೆಚ್ಚು ಮಂದಿ ಝೋಪಡಪಟ್ಟಿಗಳಲ್ಲಿಯೇ ಇದ್ದರು. ಇದಕ್ಕೆ ಕೇವಲ ಅಧಿಕಾರಿಗಳ ಅಥವಾ ಬಿಲ್ಡರುಗಳ ದುರುದ್ದೇಶವನ್ನು ಕಾರಣವಾಗಿ ಹೇಳುವುದು ಸುಲಭ, ಆದರೆ ಅಷ್ಟರಿಂದ ವಿಷಯ ಮುಗಿಯುವುದಿಲ್ಲ. ಮನೆಯ ಹಣ ಮಾರುಕಟ್ಟೆಯಿಂದ ಬರಬೇಕಾಗಿರುವುದರಿಂದ, ಫ್ಲಾಟುಗಳ ಬೆಲೆ ಇಳಿದಾಗ ಕೆಲಸ ನಿಲ್ಲುತ್ತದೆ. ಒಳ್ಳೆಯ ರಸ್ತೆ, ರೈಲು ನಿಲ್ದಾಣಗಳ ಹತ್ತಿರದ ಝೋಪಡಪಟ್ಟಿಗೆ ಬಿಲ್ಡರುಗಳು ತಾವಾಗಿ ಬರುತ್ತಾರೆ. ಗುಡ್ಡದ ಇಳಿಜಾರು, ನಾಲೆಯ ದಂಡೆ, ವಿಮಾನ ನಿಲ್ದಾಣದ ಅಂಚು ಇಂತಹ ಕಡೆ ಯಾರೂ ಬರುವುದಿಲ್ಲ. ಅತ್ಯಂತ ಕಷ್ಟದ ಸ್ಥಿತಿಯಲ್ಲಿರುವವರು ಹೀಗೆ ಸಾಲಿನ ಕೊನೆಗೆ ಬೀಳುತ್ತಾರೆ.

ಕಟ್ಟಿದ ಮನೆಗಳ ಗುಣವೂ ಪ್ರಶ್ನೆಯೇ. ರಸ್ತೆ, ರೈಲು ಯೋಜನೆಗಳಿಂದ ಸ್ಥಳಾಂತರಗೊಂಡವರಿಗಾಗಿ ಮಾನ್‌ಖುರ್ದ್ ಮತ್ತು ಗೋವಂಡಿಯ ಕಡೆ ಕಟ್ಟಿದ ಪುನರ್ವಸತಿ ಕಾಲೊನಿಗಳಲ್ಲಿ ಸಾಲು ಕಟ್ಟಡಗಳ ನಡುವಣ ಅಂತರ ಅತಿ ಕಡಿಮೆ. ಅಲ್ಲಿ ನಡೆದು 2018ರಲ್ಲಿ ಹೊರಬಂದ ಅಧ್ಯಯನವೊಂದು, ಬಿಸಿಲು ತಾಕದ ಕೆಳಮಹಡಿಗಳ ನಿವಾಸಿಗಳಲ್ಲಿ ಕ್ಷಯರೋಗ ಹೆಚ್ಚಾಗಿರುವುದಕ್ಕೂ ಕಟ್ಟಡಗಳ ವಿನ್ಯಾಸಕ್ಕೂ ಇರುವ ಸಂಬಂಧವನ್ನು ತೋರಿಸಿತು. ಪ್ಲೇಗಿನ ಕಾಲದಲ್ಲಿ ಯಾವ ಕಾರಣಕ್ಕಾಗಿ ಕೇರಿಗಳನ್ನು ಕೆಡವಿದರೋ ಆ ಕಾರಣ, ಹೊಸ ಸಿಮೆಂಟಿನ ರೂಪದಲ್ಲಿ, ನೂರು ವರ್ಷಗಳ ಅನಂತರ ಮರಳಿ ಬಂದಂತಾಯಿತು.

ವಿಳಂಬದ ವಿಷಯದಲ್ಲಿ ನ್ಯಾಯಾಲಯಗಳು ಗಂಭೀರವಾದ ನಿಲುವು ತಳೆದಿವೆ. 2003ರಲ್ಲಿ ಆರಂಭವಾಗಿ ಎರಡು ದಶಕವಾದರೂ ಮುಗಿಯದಿದ್ದ ಬೊರಿವಲಿಯ ಯೋಜನೆಯೊಂದರಲ್ಲಿ, ಬಿಲ್ಡರನನ್ನು ತೆಗೆದುಹಾಕಿದ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 2024ರ ಜುಲೈ ತಿಂಗಳಿನಲ್ಲಿ ಎತ್ತಿಹಿಡಿಯಿತು. ಅಷ್ಟೇ ಅಲ್ಲದೆ 1971ರ ಕಾಯಿದೆಯ ಕಾರ್ಯನಿರ್ವಹಣೆಯನ್ನೇ ಪರಿಶೀಲಿಸುವಂತೆ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಸೂಚಿಸಿತು. ಒಂದು ಕಾಯಿದೆ ಹೇಗೆ ನಡೆಯುತ್ತಿದೆಯೆಂದು ನ್ಯಾಯಾಲಯವೇ ಲೆಕ್ಕ ತಪಾಸಣೆ ಮಾಡಿಸುವುದು ಅಪರೂಪ.

ಬಿ.ಡಿ.ಡಿ. ಚಾಳುಗಳಲ್ಲಿ ಇನ್ನೊಂದು ದಾರಿ ಹಿಡಿಯಲಾಯಿತು. ಶಿವಡಿಯವು ಬಂದರು ಟ್ರಸ್ಟಿನ ಭೂಮಿಯ ಮೇಲಿರುವುದರಿಂದ ಅವನ್ನು ಬಿಟ್ಟು, ಉಳಿದ ಮೂರು ಕಡೆ ಮ್ಹಾಡಾ ತಾನೇ ಹೊಣೆ ಹೊತ್ತು ಗುತ್ತಿಗೆದಾರರಿಂದ ಕಟ್ಟಿಸತೊಡಗಿತು. 2017ರಲ್ಲಿ ಭೂಮಿಪೂಜೆಯಾಯಿತು. 160 ಚದರ ಅಡಿಯ ಖೋಲಿಯವರಿಗೆ 500 ಚದರ ಅಡಿಯ ಮನೆ ಎಂಬುದು ಗೊತ್ತುವಳಿ. ವರ್ಲಿಯಲ್ಲಿ ಮೊದಲ 556 ಕುಟುಂಬಗಳಿಗೆ ಕೀಲಿಕೈ ಕೊಟ್ಟದ್ದು 2025ರ ಆಗಸ್ಟಿನಲ್ಲಿ. ಇಲ್ಲಿಯೂ ಮಾರಾಟದ ಕಟ್ಟಡಗಳಿಂದಲೇ ಹಣ ಬರಬೇಕು, ಆದರೆ ಕೆಲಸ ಅರ್ಧಕ್ಕೆ ನಿಂತರೆ ಕೇಳಬೇಕಾದ ಬಾಗಿಲು ಸರ್ಕಾರದ್ದು.

ಯೆರವಡಾದ ಪಾಠ, ಇತರ ನಗರಗಳ ಮಾರ್ಗ

ಅನುಮತಿಯ ಬದಲು ಹಣವನ್ನೇ ಸಾಧನ ಮಾಡಿಕೊಂಡ ಒಂದು ಪ್ರಯೋಗ ಪುಣೆಯ ಯೆರವಡಾದಲ್ಲಿ ನಡೆಯಿತು. 2005ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ರಾಷ್ಟ್ರೀಯ ನಗರ ನವೀಕರಣ ಅಭಿಯಾನದಲ್ಲಿ ನಗರದ ಬಡವರ ಮೂಲ ಸೌಕರ್ಯಗಳಿಗೆಂದು ಪ್ರತ್ಯೇಕ ಭಾಗವಿತ್ತು. ಅದರಡಿಯಲ್ಲಿ ಕೇಂದ್ರ, ರಾಜ್ಯ ಮತ್ತು ಪಾಲಿಕೆಗಳು ವೆಚ್ಚ ಹಂಚಿಕೊಂಡು, ಕುಟುಂಬವೂ ಸುಮಾರು ಹತ್ತನೆಯ ಒಂದಂಶವನ್ನು ಭರಿಸುವ ಏರ್ಪಾಡಾಯಿತು. ಪುಣೆ ಮಹಾನಗರಪಾಲಿಕೆಯು ಮಹಿಳಾ ಮಿಲನ್ ಮೊದಲಾದ ಸ್ಥಳೀಯ ಸಂಘಟನೆಗಳನ್ನು ಜೊತೆಗೂಡಿಸಿಕೊಂಡಿತು. ಗಟ್ಟಿಯಾಗಿದ್ದ ಪಕ್ಕಾ ಮನೆಗಳನ್ನು ಮುಟ್ಟಲಿಲ್ಲ. ತಗಡಿನ, ಹರಕು ಮನೆಗಳನ್ನು ಮಾತ್ರ ಒಂದೊಂದಾಗಿ ಕೆಡವಿ ಅದೇ ಪಾಯದ ಮೇಲೆ 270 ಚದರ ಅಡಿಯ ಮನೆ ಕಟ್ಟಿದರು. ಜಾಗ ಚಿಕ್ಕದಾದ ಕಡೆ ಅಕ್ಕಪಕ್ಕದ ಎರಡು ಮೂರು ಮನೆಗಳವರು ಒಪ್ಪಿ ಕೂಡಿಕಟ್ಟಿಕೊಂಡರು.

ಗಲ್ಲಿ ಇದ್ದಲ್ಲಿಯೇ ಇತ್ತು, ನೆರೆಯವರು ಅವರೇ. ಹೊಸ್ತಿಲಲ್ಲಿ ಕುಳಿತು ಹೊಲಿಗೆ ಮಾಡುವವರಿಗೆ, ತರಕಾರಿ ಮಾರುವವರಿಗೆ ಹೊಸ್ತಿಲು ಉಳಿಯಿತು. ಲಿಫ್ಟಿನ ಖರ್ಚು ಹುಟ್ಟಲಿಲ್ಲ. ಆದರೆ ಇದು ನಿಧಾನದ ಕೆಲಸ, ಅಧಿಕಾರಿಗಳು ಗಲ್ಲಿ ಗಲ್ಲಿ ತಿರುಗಬೇಕಾದ ಕೆಲಸ. ಮುಂಬಯಿಯಷ್ಟು ದಟ್ಟಣೆಯಿರುವಲ್ಲಿ ಎಲ್ಲೆಡೆಯೂ ಸಾಧ್ಯವಾಗಲಾರದು. ಹಾಗಿದ್ದರೂ ನೆಲಕ್ಕೆ ಹತ್ತಿರವಾದ ಇಂತಹ ಪುನರ್ನಿರ್ಮಾಣಕ್ಕೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲವೆಂದೇ ಹೇಳಬೇಕು.

ಚೆನ್ನೈಯಲ್ಲಿ 1970ರಷ್ಟು ಹಿಂದೆಯೇ ಸ್ಥಾಪನೆಯಾದ ಝೋಪಡಪಟ್ಟಿ ನಿರ್ಮೂಲನ ಮಂಡಲಿಗೆ 2021ರಲ್ಲಿ ತಮಿಳುನಾಡು ನಗರ ವಸತಿ ಅಭಿವೃದ್ಧಿ ಮಂಡಲಿಯೆಂದು ಹೆಸರು ಬದಲಾಯಿತು. ಅಲ್ಲಿ ಮನೆಗಳನ್ನು ಸರ್ಕಾರವೇ ಕಟ್ಟುತ್ತದೆ. ಕಣ್ಣಗಿ ನಗರ, ಪೆರುಂಬಾಕ್ಕಂ ಮುಂತಾದ ನಗರದಂಚಿನ ಬಡಾವಣೆಗಳಿಗೆ ಹೋದವರು ಮನೆ ಪಡೆದರೂ ಕೆಲಸದ ಸ್ಥಳದಿಂದ ದೂರವಾದರು. ಹೈದರಾಬಾದಿನಲ್ಲಿ 2015ರಿಂದ ರಾಜ್ಯ ಸರ್ಕಾರ ತನ್ನ ಹಣದಿಂದ 560 ಚದರ ಅಡಿಯ, ಎರಡು ಮಲಗುವ ಕೋಣೆಗಳ ಮನೆಗಳನ್ನು ಕಟ್ಟಿಸಿತು. ಅಳತೆ ಉದಾರವಾದುದು, ಆದ್ದರಿಂದಲೇ ಪ್ರತಿ ಮನೆಯ ಹೊರೆಯೂ ದೊಡ್ಡದು. ದೆಹಲಿಯ ಅಶೋಕ ವಿಹಾರದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕಟ್ಟಿದ 1,675 ಮನೆಗಳನ್ನು 2025ರ ಜನವರಿಯಲ್ಲಿ ಝುಗ್ಗಿವಾಸಿಗಳಿಗೆ ನೀಡಲಾಯಿತು. ಅಲ್ಲಿ ಮನೆಯೊಂದಕ್ಕೆ ಸರ್ಕಾರದ ವೆಚ್ಚ ಸುಮಾರು 25 ಲಕ್ಷ ರೂ.; ಕುಟುಂಬ ಕೊಡಬೇಕಾದದ್ದು 1.42 ಲಕ್ಷ ರೂ. ಮತ್ತು ಐದು ವರ್ಷಗಳ ನಿರ್ವಹಣೆಗೆ 30,000 ರೂ.

ಯಾವ ಕಚೇರಿ, ಯಾವ ಅಧಿಕಾರ

1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಿದೆ. ನಗರ ಯೋಜನೆ, ಝೋಪಡಪಟ್ಟಿ ಸುಧಾರಣೆ, ನಗರ ಬಡತನ ನಿವಾರಣೆ ಇವೆಲ್ಲ ಅದರಲ್ಲಿವೆ. ಆದರೆ ಎಷ್ಟನ್ನು ವಹಿಸಬೇಕೆಂಬುದು ರಾಜ್ಯಗಳ ವಿವೇಚನೆಗೆ ಬಿಟ್ಟದ್ದು. ಮುಂಬಯಿಯಲ್ಲಿ ಝೋಪಡಪಟ್ಟಿ ಯೋಜನೆಗಳಿಗೆ ಅನುಮತಿ ಕೊಡುವುದು ಎಸ್.ಆರ್.ಎ.; ಸೆಸ್ ಕಟ್ಟಡಗಳು ಮ್ಹಾಡಾದ ಪಾಲು. ಚುನಾಯಿತ ಪಾಲಿಕೆಯ ಕೈಯಲ್ಲಿ ನೀರು, ಒಳಚರಂಡಿ, ಅಗ್ನಿಶಾಮಕ ಒಪ್ಪಿಗೆ, ಆಸ್ತಿ ತೆರಿಗೆ ಮತ್ತು ತನ್ನ ಭೂಮಿಯ ಮೇಲಿರುವ ಝೋಪಡಿಗಳ ಅರ್ಹತೆಯ ಪರಿಶೀಲನೆ ಉಳಿದಿವೆ. ಸರ್ಕಾರಿ ಭೂಮಿಯಾದರೆ ಆ ಪರಿಶೀಲನೆ ಜಿಲ್ಲಾಧಿಕಾರಿಯ ಕಚೇರಿಯಲ್ಲಿ, ಮ್ಹಾಡಾ ಭೂಮಿಯಾದರೆ ಮ್ಹಾಡಾದಲ್ಲಿ. ನಗರಸೇವಕನ ಬಳಿಗೆ ಹೋದ ಕುಟುಂಬಕ್ಕೆ 'ಅದು ನಮ್ಮ ಕೈಯಲ್ಲಿಲ್ಲ' ಎಂಬ ಉತ್ತರ ಸಿಗುವುದು ಹಲವು ಬಾರಿ ನಿಜವೇ ಆಗಿರುತ್ತದೆ. ಆದ್ದರಿಂದ ತಾವಿರುವ ಭೂಮಿ ಯಾರದೆಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಯು ನಗರಗಳಿಗಾಗಿ 2015ರ ಜೂನ್ 25ರಂದು ಆರಂಭವಾಯಿತು. ಅದರ ಎರಡನೆಯ ಆವೃತ್ತಿ 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ವಾರ್ಷಿಕ 3 ಲಕ್ಷ ರೂ. ವರೆಗಿನ ಆದಾಯದವರು ಆರ್ಥಿಕವಾಗಿ ದುರ್ಬಲ ವರ್ಗ, 6 ಲಕ್ಷದವರೆಗೆ ಅಲ್ಪ ಆದಾಯ ವರ್ಗ, 9 ಲಕ್ಷದವರೆಗೆ ಮಧ್ಯಮ ಆದಾಯ ವರ್ಗ. ಹೊಸ ಆವೃತ್ತಿಯಲ್ಲಿ ಬಾಡಿಗೆ ಮನೆಗಳಿಗೂ ಒಂದು ಭಾಗವಿದೆ. ಊರು ಬಿಟ್ಟು ಬಂದವರು ವಿಶೇಷವಾಗಿ ಗಮನಿಸಬೇಕಾದ ನಿಯಮವೊಂದುಂಟು. ಅರ್ಜಿದಾರರ ಕುಟುಂಬಕ್ಕೆ, ಅಂದರೆ ಗಂಡ, ಹೆಂಡತಿ ಮತ್ತು ಅವಿವಾಹಿತ ಮಕ್ಕಳಿಗೆ, ದೇಶದ ಯಾವ ಭಾಗದಲ್ಲಿಯೂ ಸ್ವಂತ ಪಕ್ಕಾ ಮನೆ ಇರಬಾರದು. ಊರಿನಲ್ಲಿ ತಮ್ಮ ಹೆಸರಿಗೆ ಪಕ್ಕಾ ಮನೆಯಿರುವವರು ಅದನ್ನು ಮರೆಮಾಚಿ ಅರ್ಜಿ ಹಾಕಿದರೆ ಅದು ಸುಳ್ಳು ಘೋಷಣೆಯಾಗುತ್ತದೆ.

ಕುಟುಂಬದ ಕೈಯಲ್ಲಿರಬೇಕಾದ ಕಾಗದಗಳು

ಮುಂಬಯಿಯ ಉಚಿತ ಪುನರ್ವಸತಿಗೆ 2000ದ ಜನವರಿ 1ಕ್ಕಿಂತ ಮೊದಲಿನಿಂದ ಆ ಝೋಪಡಿ ಇದ್ದುದಕ್ಕೆ ಆಧಾರ ಬೇಕು. ಅಲ್ಲಿಂದ 2011ರ ಜನವರಿ 1ರವರೆಗಿನವರಿಗೆ ಹಣ ಪಡೆದು ಮನೆ ಕೊಡುವ ವ್ಯವಸ್ಥೆ 2018ರಲ್ಲಿ ಬಂತು. 2023ರಲ್ಲಿ ಆ ಮೊತ್ತವನ್ನು 2.5 ಲಕ್ಷ ರೂ. ಎಂದು ಗೊತ್ತುಪಡಿಸಲಾಯಿತು. ಮತದಾರರ ಪಟ್ಟಿಯಲ್ಲಿನ ಹೆಸರು, ವಿದ್ಯುತ್ ಬಿಲ್ಲು, ಫೋಟೋ ಪಾಸ್, ಪಡಿತರ ಚೀಟಿ, ಅಂಗಡಿಯಾದರೆ ಗುಮಾಸ್ತಾ ಪರವಾನಗಿ ಇವು ಸಾಮಾನ್ಯವಾಗಿ ನೋಡುವ ಆಧಾರಗಳು. ಅಂದಿನ ಕಾಗದದ ಜೊತೆಗೆ ಈಗಲೂ ಅಲ್ಲಿಯೇ ವಾಸವಾಗಿರುವುದಕ್ಕೂ ಕಾಗದ ಬೇಕು. ತಂದೆಯ ಹೆಸರಿನಲ್ಲಿದ್ದ ಝೋಪಡಿ ಮಕ್ಕಳ ಹೆಸರಿಗೆ ಬಂದಿದ್ದರೆ, ಕೊಂಡದ್ದಾದರೆ, ಆ ಹಸ್ತಾಂತರದ ದಾಖಲೆಯಿಲ್ಲದೆ ಹಕ್ಕು ತೂಗಾಡುತ್ತದೆ. ಮಳೆಗಾಲದಲ್ಲಿ ನೀರು ನುಗ್ಗುವ ಮನೆಗಳಲ್ಲಿ ಕಾಗದ ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ಅಲ್ಲಿ ಬಾಳಿದವರಿಗೆ ಗೊತ್ತು. ಆದ್ದರಿಂದಲೇ ಪ್ರತಿಗಳನ್ನು ಬೇರೆಡೆಯೂ ಇಡಬೇಕು.

ಈ ಎಲ್ಲ ಕುಟುಂಬಗಳ ಅರ್ಹತೆಯನ್ನು ಬರೆಯುವ ಪಟ್ಟಿಗೆ 'ಪರಿಶಿಷ್ಟ 2' ಎಂದು ಹೆಸರು. ಪುನರ್ವಸತಿಯ ಕಾಗದಗಳಲ್ಲೆಲ್ಲ ಅತ್ಯಂತ ಮುಖ್ಯವಾದುದು ಇದೇ. ಹೆಸರಿನ ಮುಂದೆ ಅರ್ಹ, ಅನರ್ಹ ಎಂದು ಬರೆದಿರುತ್ತದೆ. ಹೆಸರಿನ ಅಕ್ಷರ ತಪ್ಪಿದ್ದರೂ, ಅನರ್ಹವೆಂದಿದ್ದರೂ ಮೇಲ್ಮನವಿಗೆ ಅವಕಾಶವುಂಟು, ಆದರೆ ಗೊತ್ತುಪಡಿಸಿದ ಅವಧಿಯೊಳಗೆ. ಕನ್ನಡದ ಹೆಸರುಗಳು, ಅದರಲ್ಲೂ ಊರು ಮತ್ತು ಮನೆತನದ ಹೆಸರುಗಳು, ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆಯಾಗಿ ನಮೂದಾಗುವುದು ಸಾಮಾನ್ಯ. ಒಬ್ಬನೇ ವ್ಯಕ್ತಿ ಕಾಗದದ ಮೇಲೆ ಇಬ್ಬರಾಗುತ್ತಾನೆ. ಪಟ್ಟಿ ಹೊರಬರುವ ಮೊದಲೇ ಅವನ್ನು ಸರಿಪಡಿಸಿಕೊಳ್ಳುವುದು ಸುಲಭ.

ಝೋಪಡಿಯ ಮೇಲಂತಸ್ತಿನಲ್ಲಿ ಬಾಡಿಗೆಗಿರುವವರನ್ನು ಈ ಯೋಜನೆ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿದಿಲ್ಲ. ಹೋಟೆಲಿನಲ್ಲಿಯೇ ಮಲಗಿ, ಅಲ್ಲಿಯೇ ದುಡಿಯುವವರ ಹೆಸರು ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ. ನಗರದ ವಸತಿ ನೀತಿಯಲ್ಲಿ ಇಂದಿಗೂ ತುಂಬದೆ ಉಳಿದಿರುವ ದೊಡ್ಡ ತೆರಪು ಇದು.

ಒಪ್ಪಿಗೆಯ ವಿಷಯಕ್ಕೆ ಬರೋಣ. ಮೊದಲು ನೂರಕ್ಕೆ 70 ಮಂದಿಯ ಒಪ್ಪಿಗೆ ಬೇಕಿದ್ದುದನ್ನು ಈಗ 51ಕ್ಕೆ ಇಳಿಸಲಾಗಿದೆ. ಯೋಜನೆಗಳು ಬೇಗ ಹೊರಡಲೆಂಬುದು ಇದರ ಉದ್ದೇಶ. ನೆರೆಯವರಲ್ಲಿ ಅರ್ಧದಷ್ಟು ಮಂದಿ ಒಲ್ಲೆವೆಂದರೂ ಕೆಲಸ ನಡೆಯಬಹುದೆಂಬುದು ಇದರ ಇನ್ನೊಂದು ಮುಖ. ಖಾಲಿ ಕಾಗದಕ್ಕೆ ಸಹಿ ಹಾಕಬಾರದು. ಕರಾರಿನಲ್ಲಿ ಮನೆಯ ಅಳತೆ ಕಾರ್ಪೆಟ್ ವಿಸ್ತೀರ್ಣದಲ್ಲಿ ಬರೆದಿದೆಯೇ, ತಾತ್ಕಾಲಿಕ ವಾಸದ ಬಾಡಿಗೆ ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಓದಿಸಿ ಕೇಳಬೇಕು. ಬಿಲ್ಡರುಗಳು ಬಾಡಿಗೆ ನಿಲ್ಲಿಸಿದ ಪ್ರಕರಣಗಳು ಹೆಚ್ಚಿದ್ದರಿಂದ, ಎರಡು ವರ್ಷಗಳ ಬಾಡಿಗೆಯನ್ನು ಮುಂಗಡವಾಗಿ ಠೇವಣಿಯಿಡಬೇಕೆಂದು ಎಸ್.ಆರ್.ಎ. 2023ರಲ್ಲಿ ಆದೇಶಿಸಿತು. ತಮ್ಮ ಯೋಜನೆಯಲ್ಲಿ ಆ ಠೇವಣಿಯಾಗಿದೆಯೇ ಎಂದು ಸೊಸೈಟಿಯ ಸಭೆಯಲ್ಲಿ ಕೇಳುವ ಹಕ್ಕು ಪ್ರತಿ ಸದಸ್ಯನಿಗೂ ಉಂಟು. ಬಿಲ್ಡರನು ಕೆಲಸ ಮುಂದುವರಿಸದಿದ್ದರೆ ಅವನನ್ನು ಬದಲಾಯಿಸುವ ಅಧಿಕಾರ 1971ರ ಕಾಯಿದೆಯ 13ನೆಯ ಪ್ರಕರಣದಲ್ಲಿದೆ. ಬೊರಿವಲಿಯ ಪ್ರಕರಣದಲ್ಲಿ ಬಳಕೆಯಾದದ್ದು ಅದೇ.

ಮನೆಯ ಹಂಚಿಕೆ ಗಂಡ ಹೆಂಡತಿಯರ ಜಂಟಿ ಹೆಸರಿನಲ್ಲಿ ಆಗಬೇಕೆಂದು ನಿಯಮವಿದೆ. ಹಂಚಿಕೆ ಪತ್ರದಲ್ಲಿ ಒಬ್ಬರ ಹೆಸರೇ ಇದ್ದರೆ ಆಗಲೇ ತಿದ್ದುಪಡಿ ಕೇಳಬೇಕು. ಕಾನೂನು ಗೊತ್ತುಪಡಿಸಿದ ಅವಧಿಗೆ ಮೊದಲು ಮನೆಯನ್ನು ಮಾರುವಂತಿಲ್ಲ. ಮುದ್ರಾಂಕ ಕಾಗದದ ಮೇಲೆ ಬರೆದುಕೊಟ್ಟು ಕೈಬದಲಾಯಿಸಿದ ಮನೆಗಳಿಂದ ಕೊಂಡವರನ್ನು ತೆರವು ಮಾಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ.

ಕೀಲಿಕೈ ಕೈಗೆ ಬಂದ ಮೇಲೆ ಖರ್ಚು ಬೇರೆ ರೂಪದಲ್ಲಿ ಆರಂಭವಾಗುತ್ತದೆ. ಲಿಫ್ಟು, ನೀರೆತ್ತುವ ಪಂಪು, ಮೆಟ್ಟಿಲ ದೀಪ, ಆಸ್ತಿ ತೆರಿಗೆ ಇವೆಲ್ಲಕ್ಕೂ ಸೊಸೈಟಿ ತಿಂಗಳು ತಿಂಗಳು ಹಣ ಎತ್ತಬೇಕು. ಇದಕ್ಕೆ ನೆರವಾಗಲೆಂದು ಪ್ರತಿ ಮನೆಗೆ ಮೊದಲ ವ್ಯವಸ್ಥೆಯಲ್ಲಿ 20,000 ರೂ.ನಂತೆ ಬಿಲ್ಡರನಿಂದ ಮೂಲಧನ ಪಡೆದು, ಅದರ ಬಡ್ಡಿಯನ್ನು ಸೊಸೈಟಿಗೆ ಕೊಡುವ ಏರ್ಪಾಡು ಮಾಡಲಾಗಿತ್ತು. ಎತ್ತರದ ಕಟ್ಟಡಗಳಲ್ಲಿ ಆ ಬಡ್ಡಿ ಲಿಫ್ಟಿನ ವಿದ್ಯುತ್ತಿಗೂ ಸಾಲುವುದು ಕಷ್ಟ. ಹಂಚಿಕೆ ಪತ್ರ ಪಡೆದ ಅನಂತರ ನಡೆಯುವ ಮೊದಲ ಸರ್ವಸದಸ್ಯರ ಸಭೆಯಲ್ಲಿಯೇ ಈ ಮೂಲಧನ ಎಲ್ಲಿ ಜಮೆಯಾಗಿದೆ, ಬಡ್ಡಿ ಯಾರ ಸಹಿಯಿಂದ ಬರುತ್ತದೆ, ಲಿಫ್ಟಿನ ನಿರ್ವಹಣೆಯ ಕರಾರು ಎಷ್ಟು ವರ್ಷದ್ದು ಎಂಬುದನ್ನು ಕೇಳಿ ನಡವಳಿಯಲ್ಲಿ ಬರೆಯಿಸಿಕೊಳ್ಳಬೇಕು.